ಸಮುದ್ರ ಕಂಡವರಿಗೆ ಹಿನ್ನೀರು ಏನು ಮಹಾ?

ಪ್ರಶ್ನೆ: ನಾನು ಶಿರಸಿಯವನು. ಹಳೆಯದೊಂದು ಹಾಯಿದೋಣಿ ತಗೊಂಡಿದ್ದೇನೆ. ಎಂಟರ್‌ಪ್ರೈಸ್ ಜಾತಿಯದು, ಹದಿಮೂರು ಅಡಿ, ನೀಲಿ ಹಾಯಿ. ಶರಾವತಿ ಹಿನ್ನೀರಿನಲ್ಲಿ, ಹೊನ್ನೆಮರಡು ಕಡೆ ಓಡಿಸುವ ಆಸೆ. ಕಾರವಾರದಲ್ಲಿರುವ ನಮ್ಮ ಬಾವ ವರ್ಷಗಟ್ಟಲೆ ಸಮುದ್ರದಲ್ಲಿ ದೋಣಿ ನಡೆಸಿದವರು. "ಸಮುದ್ರ ಕಂಡವರಿಗೆ ಹಿನ್ನೀರು ಏನು ಮಹಾ, ಭರತ ಇಲ್ಲ, ಇಳಿತ ಇಲ್ಲ" ಅನ್ನುತ್ತಾರೆ. ಹನ್ನೆರಡು ವರ್ಷದ ಮಗಳೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅಮೆರಿಕದ ಚಿಕಾಗೋದಲ್ಲಿರುವ ಮಗ ಅಲ್ಲಿನ ಮಿಶಿಗನ್ ಸರೋವರದಲ್ಲಿ ಇದೇ ಹವ್ಯಾಸ ಶುರು ಮಾಡಿದ್ದಾನೆ. ನಾವು ಎಷ್ಟು ಹೆದರಬೇಕು, ಯಾವುದಕ್ಕೆ ಹೆದರಬೇಕು?

ಉತ್ತರ: ನಿಮ್ಮ ಬಾವ ಹೇಳಿದ್ದು ಅರ್ಧ ಸರಿ. ಭರತ ಇಳಿತದ ಲೆಕ್ಕ ಹಿನ್ನೀರಿನಲ್ಲಿ ಇಲ್ಲ. ಆದರೆ ಹದಿಮೂರು ಅಡಿ ದೋಣಿಗೆ ಗಾಳಿ ಎದ್ದ ಹಿನ್ನೀರು ಎಷ್ಟೋ ಸಲ ಸಮುದ್ರಕ್ಕಿಂತ ಕೆಟ್ಟದ್ದು. ನಾನು ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವುದನ್ನು ನೋಡುತ್ತಾ ಬೆಳೆದವನು. ನನಗೂ ಬಾವನವರದ್ದೇ ಧೈರ್ಯ ಇತ್ತು. ಆ ಧೈರ್ಯ ಇಳಿದ ಕಥೆ ಮುಂದೆ ಹೇಳುತ್ತೇನೆ. ಮೊದಲು ಅಲೆಯ ವಿಷಯ.

ಕಾರವಾರದ ಕಡಲಿಗೆ ಬರುವ ದೊಡ್ಡ ಅಲೆ ಎಲ್ಲೋ ದೂರದಲ್ಲಿ ಹುಟ್ಟಿ ಬಂದದ್ದು. ಒಂದು ಅಲೆ ದಾಟಿ ಇನ್ನೊಂದು ಬರಲು ಎಂಟು ಹತ್ತು ಸೆಕೆಂಡು ಹಿಡಿಯುತ್ತದೆ. ಎಂಟು ಸೆಕೆಂಡಿನ ಅಲೆ ಅಂದರೆ ಆಳದ ನೀರಿನಲ್ಲಿ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಸುಮಾರು ನೂರು ಮೀಟರ್. ದೋಣಿ ಏರುತ್ತದೆ, ಇಳಿಯುತ್ತದೆ, ಅಷ್ಟೆ. ಹಿನ್ನೀರಿನ ಅಲೆ ಅಲ್ಲೇ ಹುಟ್ಟಿದ್ದು. ಗಾಳಿಗೆ ತೆರೆದ ನೀರು ಏಳೆಂಟು ಕಿಲೋಮೀಟರ್ ಇದ್ದು, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ಗಾಳಿ ಒಂದೆರಡು ಗಂಟೆ ಬೀಸಿದರೆ ಅರ್ಧ ಮೀಟರಿಗೂ ಮೀರಿದ ಅಲೆ ಏಳುತ್ತದೆ. ನಡುನಡುವೆ ಅದರ ಒಂದೂವರೆ ಪಟ್ಟಿನವೂ ಬರುತ್ತವೆ. ಅರ್ಧ ಮೀಟರ್ ಅಂದರೆ ಕೇಳಲಿಕ್ಕೆ ಏನೂ ಅಲ್ಲ, ಅಲ್ವಾ? ಆದರೆ ಅವು ಎರಡೂವರೆ ಮೂರು ಸೆಕೆಂಡಿಗೊಂದು ಬರುತ್ತವೆ. ನೆತ್ತಿಯಿಂದ ನೆತ್ತಿಗೆ ಹತ್ತು ಹನ್ನೆರಡು ಮೀಟರ್ ಮಾತ್ರ. ನಿಮ್ಮ ದೋಣಿಯೇ ನಾಲ್ಕು ಮೀಟರ್. ಒಂದು ಅಲೆಯಿಂದ ಇಳಿದ ಮೂತಿ ಮೇಲೆ ಏಳುವ ಮೊದಲೇ ಮುಂದಿನದು ಬಂದು ಒಳಗೆ ನೀರು ಸುರಿಯುತ್ತದೆ. ನೀರು ಕುಡಿದ ದೋಣಿ ಭಾರವಾಗುತ್ತದೆ, ಭಾರವಾದದ್ದು ಇನ್ನೂ ನಿಧಾನ ಏಳುತ್ತದೆ. ದಡದ ಹತ್ತಿರ ನೀರು ಆಳ ಕಡಿಮೆಯಾದಲ್ಲಿ ಅಲೆ ಇನ್ನೂ ಕಡಿದಾಗಿ ನಿಂತು ಒಡೆಯುತ್ತದೆ. ಕಡಿದಾದ ಬಂಡೆಯ ದಡವಾದರೆ ಬಡಿದ ಅಲೆ ವಾಪಸು ಬಂದು ಎದುರಿನದಕ್ಕೆ ಸೇರುತ್ತದೆ. ಅಂಥ ಕಡೆ ನೀರು ಕುದಿಯುವ ಎಸರಿನ ಹಾಗೆ ಕಾಣುತ್ತದೆ. ಅಲ್ಲಿಂದ ದೂರ ಇರಿ.

ಈಗ ನನ್ನ ಕಥೆ. ಹದಿನೈದು ವರ್ಷದ ಹಿಂದೆ, ಮಾರ್ಚ್ ತಿಂಗಳು. ನಾನೂ ಒಬ್ಬ ಗೆಳೆಯನೂ ಶರಾವತಿ ಹಿನ್ನೀರಿನಲ್ಲಿ ಇಂಥದ್ದೇ ದೋಣಿ ಇಳಿಸಿದೆವು. ಮಧ್ಯಾಹ್ನ ಎರಡು ಗಂಟೆ. ಪಡುಗಾಳಿ ಬೆನ್ನಿಗೆ. ದೋಣಿ ಸುಮ್ನೆ ಜಾರಿಕೊಂಡು ಹೋಯಿತು. ಬಿಸಿಲು ಹಿತವಾಗಿತ್ತು, ಗಾಳಿ ಇದೆ ಅಂತಲೇ ಅನಿಸಲಿಲ್ಲ. ಫ್ಲಾಸ್ಕಿನ ಚಹಾ ಕುಡಿದೆವು, ಅವಲಕ್ಕಿ ತಿಂದೆವು. ಮುಕ್ಕಾಲು ಗಂಟೆಯಲ್ಲಿ ಆರು ಕಿಲೋಮೀಟರ್ ಕಳೆದಿತ್ತು. ವಾಪಸು ಹೊರಡೋಣ ಅಂತ ಚುಕ್ಕಾಣಿ ತಿರುಗಿಸಿದೆ ನೋಡಿ, ಬೇರೆಯದೇ ಊರಿಗೆ ಬಂದ ಹಾಗಾಯಿತು. ಗಾಳಿ ಕಿವಿಯಲ್ಲಿ ಶಿಳ್ಳೆ ಹಾಕುತ್ತಿತ್ತು. ನೀರೆಲ್ಲ ಬಿಳಿ ನೊರೆ. ದೋಣಿ ಒಂದು ಮಗ್ಗುಲಿಗೆ ಒರಗಿತು.

ಗಾಳಿ ಆಗ ಎದ್ದದ್ದಲ್ಲ. ಮೊದಲಿನಿಂದಲೂ ಇತ್ತು. ಲೆಕ್ಕ ಹೀಗೆ: ಗಾಳಿ ಗಂಟೆಗೆ 22 ಕಿಲೋಮೀಟರ್ ಇದೆ, ದೋಣಿ ಅದರ ಜೊತೆಗೇ 9 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಅಂದುಕೊಳ್ಳಿ. ನಿಮ್ಮ ಮೈಗೆ ತಾಗುವುದು 13 ಮಾತ್ರ. ಅದೇ ದೋಣಿಯನ್ನು ಗಾಳಿಗೆ ಎದುರಾಗಿ, ಓರೆಯಲ್ಲಿ ನಡೆಸಿದರೆ ತಾಗುವುದು 26ರ ಹತ್ತಿರ. ಎರಡು ಪಟ್ಟು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ಹಾಯಿಯ ಮೇಲೆ ಬೀಳುವ ತಳ್ಳು ನಾಲ್ಕು ಪಟ್ಟು. ಗಾಳಿ ಮಾತ್ರ ಅದೇ. ಕಣ್ಣಿಗೂ ಮೋಸವೇ. ಅಲೆಯ ಜೊತೆ ಹೋಗುವಾಗ ನಮಗೆ ಕಾಣುವುದು ಅವುಗಳ ನುಣ್ಣನೆಯ ಬೆನ್ನು. ಒಡೆಯುವ ನೊರೆ ಇರುವುದು ಆಚೆ ಮೋರೆಯಲ್ಲಿ.

ಮೇಲಾಗಿ ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ನಲವತ್ತೈದು ಡಿಗ್ರಿ ಓರೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾ ಹಾವಿನ ಹಾಗೆ ಹೋಗಬೇಕು. ಆರು ಕಿಲೋಮೀಟರಿನ ದಾರಿ ಎಂಟೂವರೆ ಆಗುತ್ತದೆ, ಅದೂ ಅರ್ಧ ವೇಗದಲ್ಲಿ. ನಾವು ಎರಡು ತಾಸು ಒದ್ದಾಡಿದೆವು. ಅರ್ಧ ಕತ್ತರಿಸಿದ ಎಣ್ಣೆ ಕ್ಯಾನಿನಲ್ಲಿ ಗೆಳೆಯ ನೀರು ಮೊಗೆದ, ನಾನು ಹಗ್ಗ ಹಿಡಿದು ಅಂಗೈ ಸುಲಿದುಕೊಂಡೆ. ಕೊನೆಗೆ ಒಂದು ನಡುಗಡ್ಡೆಯ ಮರೆಗೆ ಸೇರಿ ಹಾಯಿ ಇಳಿಸಿ ಕೂತೆವು. ಹೊತ್ತು ಮುಳುಗಿದ ಮೇಲೆ ಗಾಳಿ ಬಿತ್ತು. ಹುಟ್ಟು ಹಾಕಿಕೊಂಡು ದಡಕ್ಕೆ ಬಂದಾಗ ಊರಿನ ನಾಲ್ಕು ಜನ ಟಾರ್ಚ್ ಹಿಡಿದು ನಿಂತಿದ್ದರು. ಅದರಲ್ಲಿ ವಯಸ್ಸಾದವರೊಬ್ಬರು ಕೇಳಿದ್ದು ಒಂದೇ ಮಾತು. "ಹೋಗುವಾಗ ಒಂದ್ಸಲ ಹಿಂದೆ ತಿರುಗಿ ನೋಡ್ಲಿಲ್ವ ಮಾರಾಯ್ರೆ?"

ಅದಕ್ಕೇ ಹೇಳುವುದು, ಮೊದಲು ಗಾಳಿಗೆ ಎದುರಾಗಿ ಹೋಗಿ. ಕಷ್ಟದ ಅರ್ಧ ಮೈಯಲ್ಲಿ ಕಸುವು ಇರುವಾಗ ಮುಗಿಯಲಿ. ಆಗ ಗಾಳಿ ಜೋರಾದರೂ ಅದೇ ನಿಮ್ಮನ್ನು ಮನೆಗೆ ತಳ್ಳುತ್ತದೆ. ಬೆನ್ನುಗಾಳಿಯಲ್ಲೇ ಹೊರಡಬೇಕಾಗಿ ಬಂದರೆ ಹತ್ತು ನಿಮಿಷಕ್ಕೊಮ್ಮೆ ದೋಣಿ ತಿರುಗಿಸಿ ಎದುರುಗಾಳಿಯ ರುಚಿ ನೋಡಿ. ಇಷ್ಟನ್ನೇ ನೀವು ಪಾಲಿಸಿದರೂ ನಾನು ಬರೆದದ್ದು ಸಾರ್ಥಕ.

ಗಾಳಿಯ ಹೊತ್ತುಗೊತ್ತು ತಿಳಿದಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಆ ಮಾತೇ ಬೇಡ. ಚಳಿಗಾಲದಲ್ಲಿ ಬೆಳಿಗ್ಗೆ ಮೂಡಗಾಳಿ ಇರುತ್ತದೆ. ಫೆಬ್ರವರಿ ದಾಟಿದ ಮೇಲೆ ಮಧ್ಯಾಹ್ನದ ಪಡುಗಾಳಿ ಬಲವಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮೂರು ನಾಲ್ಕು ಗಂಟೆ ಹೊತ್ತಿಗೆ ಗುಡುಗು ಮಳೆ. ನನ್ನ ಲೆಕ್ಕದಲ್ಲಿ ಈ ಕೊನೆಯದೇ ಎಲ್ಲಕ್ಕಿಂತ ಅಪಾಯ. ಮೋಡ ಇನ್ನೂ ದೂರ ಇದೆ ಅನ್ನುವಾಗಲೇ ಅದರ ಅಡಿಯಿಂದ ತಣ್ಣನೆಯ ಗಾಳಿ ನುಗ್ಗಿ ಬರುತ್ತದೆ. ಸೆಖೆಯ ಮಧ್ಯಾಹ್ನ ಗಾಳಿ ಪೂರ್ತಿ ನಿಂತು, ಆಮೇಲೆ ಒಮ್ಮೆಲೇ ತಂಪು ಬೀಸಿದರೆ ಹಾಯಿ ಇಳಿಸಿ, ಯೋಚನೆ ಮಾಡುತ್ತಾ ಕೂರಬೇಡಿ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದು ಅರ್ಥ. ಬಟಾಬಯಲು ನೀರಿನ ನಡುವೆ ಹಾಯಿ ಕಟ್ಟುವ ನಿಮ್ಮ ಇಪ್ಪತ್ತಡಿ ಕೂವೆಮರವೇ ಎತ್ತರದ್ದು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ದಡದಲ್ಲೇ ಇರಿ.

ಇನ್ನೊಂದು, ನಮ್ಮ ಹಿನ್ನೀರುಗಳು ಮುಳುಗಿದ ಕಣಿವೆಗಳು. ಕಾಣುವ ನಡುಗಡ್ಡೆಗಳೆಲ್ಲ ಹಳೆಯ ಗುಡ್ಡದ ತಲೆಗಳು. ಗುಡ್ಡದ ಮರೆಯಲ್ಲಿ ಹಾಯಿ ಸೋತು ಜೋತು ಬೀಳುತ್ತದೆ, ನಾವೂ ಮೈಮರೆತು ಕೂತಿರುತ್ತೇವೆ. ಮೂಲೆ ದಾಟಿದ ಕೂಡಲೇ ಕಣಿವೆಯ ಸಂದಿಯಿಂದ ಗಾಳಿ ಕೆನ್ನೆಗೆ ಬಾರಿಸುತ್ತದೆ. ಬರುವ ಮುಂಚೆ ಅದು ಕಾಣುತ್ತದೆ. ನೀರಿನ ಮೇಲೆ ಕಪ್ಪು ನೆರಳು ಓಡಿ ಬಂದ ಹಾಗೆ, ಸಣ್ಣ ಸುಕ್ಕು ಸುಕ್ಕಾಗಿ. ಅದನ್ನು ನೋಡುವುದೇ ಚುಕ್ಕಾಣಿ ಹಿಡಿದವನ ಕೆಲಸ, ಫೋಟೋ ತೆಗೆಯುವುದಲ್ಲ. ನೆರಳು ತಲುಪಿದಾಗ ದೊಡ್ಡ ಹಾಯಿಯ ಹಗ್ಗ ಸಡಿಲ ಬಿಡಿ, ದೋಣಿ ತಾನಾಗಿ ನೆಟ್ಟಗಾಗುತ್ತದೆ. ಆ ಹಗ್ಗವನ್ನು ಎಂದೂ ಗಂಟು ಹಾಕಿ ಕಟ್ಟಬಾರದು. ಕೈ ನೋಯುತ್ತದೆ ಅಂತ ಕಟ್ಟಿದವರೇ ಮಗುಚುವುದು.

ಹಾಯಿ ಚಿಕ್ಕದು ಮಾಡುವುದಕ್ಕೆ, ಅಂದರೆ ರೀಫ್ ಹಾಕುವುದಕ್ಕೆ, ನಿಮ್ಮ ದೊಡ್ಡ ಹಾಯಿಯಲ್ಲಿ ಹಗ್ಗ ತೂರಿಸುವ ಕಣ್ಣುಗಳಿವೆಯೇ ನೋಡಿ. ಇಲ್ಲದಿದ್ದರೆ ಹಾಯಿ ಹೊಲಿಯುವವರಿಂದ ಹಾಕಿಸಿ. ರೀಫನ್ನು ದಡದಲ್ಲೇ ಕಟ್ಟಿಕೊಂಡು ಹೊರಡಿ. ನೀರಿನ ಮೇಲೆ ಬಿಚ್ಚುವುದು ಸುಲಭ, ಕುಣಿಯುವ ದೋಣಿಯಲ್ಲಿ ಕಟ್ಟುವುದು ಪಾಡು. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್. ಕಣ್ಣು ಹಾಯಿಸಿದಲ್ಲೆಲ್ಲ ಕಂಡರೆ 20 ದಾಟಿದೆ. ಮೊದಲ ವರ್ಷ ನಿಮಗೆ ಅಲ್ಲಿಗೆ ಗಡಿ. ಬೆನ್ನುಗಾಳಿಯಲ್ಲಿ ಮನೆಗೆ ಬರುತ್ತಿರುವಾಗ ಗಾಳಿ ಮೀರಿದರೆ ದೊಡ್ಡ ಹಾಯಿ ಇಳಿಸಿ ಮುಂದಿನ ಸಣ್ಣ ಹಾಯಿ, ಅಂದರೆ ಜಿಬ್, ಒಂದರಲ್ಲೇ ಬನ್ನಿ. ಬೆನ್ನುಗಾಳಿಯಲ್ಲಿ ಹಾಯಿ ತಾನಾಗಿ ಆಚೆ ಮಗ್ಗುಲಿಗೆ ಹೊರಳಿದರೆ ಅದರ ಅಡಿಯಂಚಿನ ಅಡ್ಡಗೋಲು, ಅಂದರೆ ಬೂಮ್, ತಲೆ ಒಡೆಯುತ್ತದೆ, ಇದು ಬಾವನವರಿಗೆ ಗೊತ್ತಿರುತ್ತದೆ.

ದೋಣಿ ಹಳೆಯದು ಅಂದಿರಿ. ಮಗುಚಿದರೂ ತೇಲುವಂತೆ ಅದರಲ್ಲಿ ಗಾಳಿ ತುಂಬಿದ ಜಾಗಗಳಿವೆ, ಪೆಟ್ಟಿಗೆಯ ರೂಪದಲ್ಲೋ ಚೀಲದ ರೂಪದಲ್ಲೋ. ಚೀಲವಾದರೆ ಊದಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮೆತ್ತಗಾಗಿದ್ದರೆ ಬದಲಿಸಿ. ಪೆಟ್ಟಿಗೆಯಾದರೆ ಮುಚ್ಚಳದ ರಬ್ಬರು ನೋಡಿ. ಹಿಂದಿನ ತೂತಿನ ಬೂಚು ಹಾಕಿದ್ದೀರಾ ಅಂತ ಎರಡು ಸಲ ನೋಡಿ. ಬೂಚು ಜೇಬಿನಲ್ಲಿಟ್ಟುಕೊಂಡು ದೋಣಿ ಇಳಿಸಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಎರಡು ಹುಟ್ಟು, ದೋಣಿಗೆ ಕಟ್ಟಿದ ಒಂದು ಬಕೆಟ್, ಲಂಗರು ಮತ್ತು ಮೂವತ್ತು ಮೀಟರ್ ಹಗ್ಗ, ಕೊರಳಿಗೆ ಸೀಟಿ. ಮೊಬೈಲನ್ನು ನೀರು ಹೋಗದ ಚೀಲದಲ್ಲಿ ಹಾಕಿ, ಆದರೆ ಗುಡ್ಡದ ಸಂದಿಯಲ್ಲಿ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ. ಇಷ್ಟು ಗಂಟೆಗೆ ಬಾರದಿದ್ದರೆ 112ಕ್ಕೆ ಫೋನ್ ಮಾಡಿ ಅಂತ ದಡದಲ್ಲಿ ಒಬ್ಬರಿಗೆ ಹೇಳಿಯೇ ಹೊರಡಿ.

ಮಗುಚುವುದು ತಪ್ಪಲ್ಲ, ಈ ದೋಣಿಯ ಸ್ವಭಾವ. ಏಳಿಸಲು ಬಾರದಿರುವುದು ತಪ್ಪು. ಬಿದ್ದ ಕೂಡಲೇ ಒಬ್ಬರ ಹೆಸರು ಇನ್ನೊಬ್ಬರು ಕೂಗಿ, ದೋಣಿ ಹಿಡಿಯಿರಿ. ಹಾಯಿಯ ಹಗ್ಗಗಳನ್ನೆಲ್ಲ ಸಡಿಲ ಬಿಡಿ. ಒಬ್ಬರು ಹಿಂಭಾಗದಿಂದ ಸುತ್ತಿ ಬಂದು, ಅಡಿಯಿಂದ ಹೊರಚಾಚಿದ ಹಲಗೆ ಹಿಡಿಯಬೇಕು. ಇನ್ನೊಬ್ಬರು ಮೂತಿ ಹಿಡಿದು ಅದನ್ನು ಗಾಳಿಯ ಕಡೆಗೆ ತಿರುಗಿಸಿ, ಆಮೇಲೆ ಒಳಗಡೆ ನೀರಿನಲ್ಲೇ, ಕಾಲು ಸಿಕ್ಕಿಸಲು ದೋಣಿಯೊಳಗೆ ಇರುವ ಪಟ್ಟಿ ಹಿಡಿದು ಮಲಗಿದ ಹಾಗೆ ತೇಲಬೇಕು. ಮೊದಲಿನವರು ಹಲಗೆಯ ಮೇಲೆ ನಿಂತು ನಿಧಾನವಾಗಿ ಹಿಂದಕ್ಕೆ ಭಾರ ಬಿಟ್ಟರೆ ದೋಣಿ ಏಳುತ್ತದೆ, ಒಳಗಿದ್ದವರನ್ನು ಸೌಟಿನ ಹಾಗೆ ಎತ್ತಿಕೊಂಡು. ಕೂವೆ ಗಾಳಿಯ ಕಡೆ ಬಿದ್ದಿರುವಾಗಲೇ ಅವಸರದಿಂದ ಎತ್ತಿದರೆ ಹಾಯಿಯ ಅಡಿಗೆ ಗಾಳಿ ಹೊಕ್ಕು ದೋಣಿ ನಿಮ್ಮ ತಲೆಯ ಮೇಲೇ ಆಚೆಗೆ ಮಗುಚುತ್ತದೆ. ಪೂರ್ತಿ ಬೋರಲಾಗದಿರಲು ಕೂವೆಯ ತುದಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ಕಟ್ಟಿ. ನೋಡಲು ಚೆಂದ ಇಲ್ಲ, ಕೆಲಸ ಮಾಡುತ್ತದೆ.

ಏಳಿಸಲಾಗದೇ ಹೋದರೂ ದೋಣಿ ಬಿಡಬೇಡಿ. ದಡ ಹತ್ತಿರ ಕಾಣುತ್ತದೆ, ಈಜಿ ಬಿಡೋಣ ಅನಿಸುತ್ತದೆ. ಅಲೆಯ ಮಟ್ಟದಿಂದ ನೋಡುವ ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ. ಮಗುಚಿದ ದೋಣಿ ದಡದಲ್ಲಿದ್ದವರಿಗೆ ಕಾಣುತ್ತದೆ. ನೊರೆಯ ನಡುವೆ ನಿಮ್ಮ ತಲೆ ತೇಲುವ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ.

ಈ ಅಭ್ಯಾಸಕ್ಕೆ ಬಾವನವರ ಕಾರವಾರವೇ ಒಳ್ಳೆಯ ಜಾಗ. ಡಿಸೆಂಬರಿನ ಶಾಂತ ಬೆಳಿಗ್ಗೆ, ಎದೆಮಟ್ಟದ ನೀರು, ಕೆಳಗೆ ಮರಳು. ಕಾಳಿಯ ಬಾಯಿಂದ ದೂರ ಇರಿ, ಇಳಿತದ ಹೊತ್ತು ಬೇಡ. ಹತ್ತು ಸಲ ಬೇಕೆಂದೇ ಮಗುಚಿ ಏಳಿಸಿ. ಹಿನ್ನೀರಿನಲ್ಲಿ ಇದನ್ನು ಕಲಿಯಲು ಹೋಗಬೇಡಿ, ಯಾಕೆಂದರೆ ಅಲ್ಲಿ ಕೆಳಗೆ ಕಾಡಿದೆ. ಲಿಂಗನಮಕ್ಕಿ ಅಣೆಕಟ್ಟೆ ಆದದ್ದು 1964ರಲ್ಲಿ. ಆಗ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ. ಮಳೆ ಮುಗಿದಾಗ ತುಂಬಿದ್ದ ನೀರು ಬೇಸಿಗೆಯ ಹೊತ್ತಿಗೆ ಎಷ್ಟೋ ಮೀಟರ್ ಇಳಿದಿರುತ್ತದೆ. ಅಕ್ಟೋಬರಿನಲ್ಲಿ ಆಳದಲ್ಲಿದ್ದ ಬೊಡ್ಡೆ ಫೆಬ್ರವರಿಯಲ್ಲಿ ಗೇಣು ನೀರಿನಡಿ ಕಾದಿರುತ್ತದೆ. ಹೋದ ಸಲದ ದಾರಿ ಈ ಸಲದ ದಾರಿಯಲ್ಲ. ಅಲ್ಲಿ ಬಲೆ ಹಾಕುವವರನ್ನು ಕೇಳಿ, ಅವರಿಗೆ ಒಂದೊಂದು ಕೊರಡೂ ಗೊತ್ತು.

ಅನುಮತಿಯ ಮಾತು ಚುಟುಕಾಗಿ. ಜಲಾಶಯ ಕೆಪಿಸಿಯದ್ದು, ಅಂದರೆ ಕರ್ನಾಟಕ ವಿದ್ಯುತ್ ನಿಗಮದ್ದು, ಸುತ್ತಲಿನ ಕಾಡು ಅರಣ್ಯ ಇಲಾಖೆಯದ್ದು. ಇಬ್ಬರನ್ನೂ ಕೇಳದೆ ದೋಣಿ ಇಳಿಸಬೇಡಿ. ಕಟ್ಟೆಯ ಹತ್ತಿರ, ನೀರು ಎಳೆಯುವ ಬಾಯಿಗಳ ಹತ್ತಿರ ಸುಳಿಯಲೇಬೇಡಿ. ಗಣೇಶಗುಡಿಯ ಸೂಪಾ ಹಿನ್ನೀರು ನೋಡಿ ಮನಸ್ಸು ಆ ಕಡೆ ಹೋದೀತು. ಅಲ್ಲಿ ಪಕ್ಕದಲ್ಲೇ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕೂಗಿದರೆ ಓಗೊಡುವವರಿಲ್ಲ. ಕೆಳಗೆ ದಾಂಡೇಲಿಯ ಹೊಳೆಯಲ್ಲಿ ಮೊಸಳೆಗಳಿರುವುದು ನಿಮಗೆ ಗೊತ್ತೇ ಇದೆ. ಹೊನ್ನೆಮರಡು ಕಡೆ ದೋಣಿ ನಡೆಸುವವರು ಮೊದಲಿನಿಂದಲೂ ಇದ್ದಾರೆ. ನಿಮ್ಮ ಆಯ್ಕೆಯೇ ಸರಿ.

ಮಗನ ವಿಷಯ ಬೇರೆಯೇ. ಮಿಶಿಗನ್ ಸರೋವರ ಸುಮಾರು 58,000 ಚದರ ಕಿಲೋಮೀಟರ್, ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಯ ಐದು ಪಟ್ಟಿಗಿಂತ ಜಾಸ್ತಿ. ಚಿಕಾಗೋ ಇರುವುದು ಅದರ ದಕ್ಷಿಣ ತುದಿಯ ಹತ್ತಿರ. ಬಡಗಣ ಗಾಳಿ ಬೀಸಿದರೆ ಸರೋವರದ ಉದ್ದಕ್ಕೂ ಬೆಳೆದ ಅಲೆ ಅಲ್ಲಿಗೇ ಬಂದು ಬಡಿಯುತ್ತದೆ. ಅದರ ನೆರೆಯ ಸುಪೀರಿಯರ್ ಸರೋವರದಲ್ಲಿ 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ 222 ಮೀಟರ್ ಉದ್ದದ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆದರೆ ಸಣ್ಣ ದೋಣಿಯವನಿಗೆ ಅಲ್ಲಿ ಅಲೆಗಿಂತ ಚಳಿಯೇ ಮೊದಲ ಶತ್ರು. ಮೇ ತಿಂಗಳಲ್ಲಿ ಬಿಸಿಲು ಕಾಯುತ್ತಿದ್ದರೂ ನೀರು ಕೊರೆಯುತ್ತಿರುತ್ತದೆ. ಬಿದ್ದ ಮೊದಲ ನಿಮಿಷ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರೊಳಗಿದ್ದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಬೆರಳು ಮಾತು ಕೇಳುವುದಿಲ್ಲ. ಹೊರಗಿನ ಬಿಸಿಲು ನೋಡಿ ಬಟ್ಟೆ ಹಾಕಬಾರದು, ನೀರಿನ ಚಳಿ ನೋಡಿ ವೆಟ್‌ಸೂಟ್, ಅಂದರೆ ಮೈಗೆ ಬಿಗಿಯಾಗಿ ಕೂರುವ ರಬ್ಬರಿನ ಉಡುಪು, ಹಾಕಬೇಕು. ಲೈಫ್ ಜಾಕೆಟ್ ಯಾವಾಗಲೂ ಮೈಮೇಲೆ ಇರಬೇಕು. ಇಷ್ಟನ್ನು ಅವನಿಗೆ ಫೋನಿನಲ್ಲಿ ಹೇಳಿ. ನಮ್ಮ ಹಿನ್ನೀರಿನಲ್ಲಿ ಆ ಭಯ ಇಲ್ಲ. ಆದರೂ ಒದ್ದೆ ಮೈಗೆ ಎರಡು ತಾಸು ಗಾಳಿ ಹೊಡೆದರೆ ಇಲ್ಲೂ ಹಲ್ಲು ಕಟಕಟ ಅನ್ನುತ್ತದೆ.

ಮಗಳನ್ನು ಕರೆದುಕೊಂಡು ಹೋಗಿ, ಬೇಡ ಅನ್ನಬೇಡಿ. ಆದರೆ ಕಾರವಾರದ ಆ ಮಗುಚುವ ಪಾಠದಲ್ಲಿ ಅವಳೂ ಇರಲಿ. ಅಲ್ಲಿ ನಗುತ್ತಾ ಎದ್ದರೆ ಹಿನ್ನೀರಿಗೆ ಬರಲಿ. ನೆಂಟರ ಮಕ್ಕಳು ಬಂದಿದ್ದಾರೆ, ಇನ್ನಿಬ್ಬರು ಕೂರಲಿ ಅನ್ನುವ ದಾಕ್ಷಿಣ್ಯ ಮಾತ್ರ ಬೇಡ. 2019ರ ಜನವರಿಯಲ್ಲಿ ಕೂರ್ಮಗಡ ನಡುಗಡ್ಡೆಯ ಜಾತ್ರೆಯಿಂದ ವಾಪಸು ಬರುತ್ತಿದ್ದ ದೋಣಿ ಮಗುಚಿದ್ದನ್ನು ಕಾರವಾರದವರು ಇನ್ನೂ ಮರೆತಿಲ್ಲ. ಹದಿನೈದಕ್ಕೂ ಹೆಚ್ಚು ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಎಂಟರ್‌ಪ್ರೈಸ್ ಇಬ್ಬರ ದೋಣಿ. ನೀವು ಮತ್ತು ಬಾವ ಕೂತು ಮಗಳನ್ನೂ ಹತ್ತಿಸಿಕೊಂಡರೆ ಅದು ಹಗುರ ಗಾಳಿಯ ಬೆಳಗಿಗೆ ಮಾತ್ರ.

ಅವಳಿಗೆ ಜಾಕೆಟ್ ಬೇರೆಯೇ ತನ್ನಿ, ನಿಮ್ಮದನ್ನು ಬಿಗಿದು ಕಟ್ಟಿ ನಡೆಸಬೇಡಿ. ಅಂಗಡಿಯಲ್ಲಿ 50 ನ್ಯೂಟನ್, 100 ನ್ಯೂಟನ್ ಅಂತ ಬರೆದಿರುತ್ತದೆ, ಅದು ತೇಲಿಸುವ ಬಲದ ಅಳತೆ. 50ರದ್ದು ತೇಲಿಸುತ್ತದೆ ಅಷ್ಟೆ, ಮುಖ ಮೇಲೆ ಮಾಡುವುದಿಲ್ಲ. ಮಕ್ಕಳಿಗೆ ಕಾಲರ್ ಇರುವ 100ರದ್ದು, ತೊಡೆಯ ಸಂದಿಯಲ್ಲಿ ಪಟ್ಟಿ ಇರುವಂಥದ್ದು ನೋಡಿ. ತೊಡಿಸಿದ ಮೇಲೆ ಭುಜದ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು, ವಾಪಸು ಕೊಟ್ಟು ಸಣ್ಣದು ತನ್ನಿ.